ಸರಸಂಬಾದ ಮುನ್ಶಿ ಅನಕ್ಷರಸ್ಥನಾದದ್ದು

ಸರಸಂಬಾದ ಶಿವರಾಯನ ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನು ಇರುತ್ತಿತ್ತು. ಹೊಲಕ್ಕೆ ಹೋಗುವಾಗ ಇರುತ್ತಿತ್ತು, ಎಮ್ಮೆಯ ಮೈ ತೊಳೆಯುವಾಗ ಇರುತ್ತಿತ್ತು, ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಹಿಂದೆ ನಡೆಯುವಾಗಲೂ ಇರುತ್ತಿತ್ತು. ಅದರಲ್ಲಿ ಶಾಯಿ ಇದ್ದದ್ದನ್ನು ಕಂಡವರು ಯಾರೂ ಇಲ್ಲ. ಆದರೆ ಗುಡಿಯ ಕಳಸ ಕಂಡರೆ ಸಾಕು, ಒಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ದಾರಿಹೋಕರಿಗೆ ಯಾಕೆ?

ಊರವರು ಅವನನ್ನು ಮುನ್ಶಿ ಎನ್ನುತ್ತಿದ್ದರು. ಅದು ಸರಕಾರ ಕೊಟ್ಟ ಹುದ್ದೆಯಲ್ಲ, ಊರು ಕೊಟ್ಟ ಹೆಸರು. ನಿಜಾಮರ ಕಾಲದಲ್ಲಿ ಮಹಮ್ಮದ ಮಾಸ್ತರರ ಛಡಿಯ ಕೆಳಗೆ ಅವನು ಉರ್ದು ಮೂರನೆಯ ಇಯತ್ತೆಯವರೆಗೆ ಹೋಗಿ ಬಂದಿದ್ದ. ಆಗ ಸಾಲೆ ಎಂದರೆ ಉರ್ದು, ಕಚೇರಿ ಎಂದರೆ ಉರ್ದು. ಹೊಲದ ಕಾಗದವೂ ಉರ್ದು, ಲಗ್ನದ ಮಾತುಕತೆಯ ಪತ್ರವೂ ಉರ್ದು. ಆಮೇಲೆ ನಿಜಾಮ ಹೋದ, ಕಚೇರಿಗೆ ಕನ್ನಡ ಬಂತು. ಆದರೆ ಜನರ ಟ್ರಂಕಿನೊಳಗಿನ ಹಳೆಯ ಕಾಗದಗಳು ಎಲ್ಲಿಗೂ ಹೋಗಲಿಲ್ಲ. ಬದುವಿನ ಜಗಳ ಎದ್ದಾಗಲೆಲ್ಲ ಅವು ಎದ್ದು ಬರುತ್ತಿದ್ದವು, ಬಂದು ಶಿವರಾಯನ ಕಟ್ಟೆಯ ಮೇಲೆ ಕೂಡುತ್ತಿದ್ದವು.

ಹೊಲಿಗೆ ಅಂಗಡಿಯ ಕರೀಮಸಾಬನಿಗೂ ಅದೇ ಓದು ಬರುತ್ತಿತ್ತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಛಡಿಯ ಏಟು ತಿಂದವರು. ಆದರೆ ಕರೀಮಸಾಬ ನಕ್ಕು ಓದುತ್ತಿದ್ದ, ಶಿವರಾಯ ಕೆಮ್ಮಿ ಓದುತ್ತಿದ್ದ. ಕಾಗದ ಓದುವವನು ಮೊದಲು ಕೆಮ್ಮಬೇಕು. ಕೆಮ್ಮದೆ ಓದಿದ್ದನ್ನು ಸರಸಂಬಾ ಇಂದಿಗೂ ನಂಬುವುದಿಲ್ಲ.

ಇನ್ನು ಕನ್ನಡದ ಅಕ್ಷರ. ಅದು ಶಿವರಾಯನಿಗೆ ಒಂದೂ ಬರುತ್ತಿರಲಿಲ್ಲ. ಅವನು ಮುಚ್ಚಿಟ್ಟದ್ದಲ್ಲ, ಯಾರೂ ಕೇಳಿರಲಿಲ್ಲ. ಅಷ್ಟು ಕಠಿಣವಾದ ಉರ್ದು ಬರುವವನಿಗೆ ಮನೆಯ ಮಾತಿನ ಕನ್ನಡ ಬಾರದೇ ಇರುತ್ತದೆಯೇ ಎಂದು ಊರು ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ಯಾರಾದರೂ ಕನ್ನಡದ ಕಾಗದ ತಂದರೆ ಅವನು ಅದನ್ನು ಬಿಸಿಲಿಗೆ ಹಿಡಿಯುತ್ತಿದ್ದ, ಹಿಂದೆ ಮುಂದೆ ತಿರುವುತ್ತಿದ್ದ, ಕೆಮ್ಮುತ್ತಿದ್ದ.

"ಇದು ಹೊಸಾ ಕಾಗದ. ಮೊಹರ ಇನ್ನೂ ಹಸಿ ಅದ. ಇದಕ್ಕ ಕಿಮ್ಮತ್ತಿಲ್ಲ. ಹಳೇದಿದ್ರ ತಾ."

ತಂದವನು ಉಪಕಾರ ಆಯಿತೆಂದು ಕೈಮುಗಿದು ಹೋಗುತ್ತಿದ್ದ.

ಈ ಸಂಗತಿ ಗೊತ್ತಿದ್ದವಳು ಒಬ್ಬಳೇ, ಶಿವಕಾಂತಾ. ಶಿವರಾಯನ ತೀರಿಕೊಂಡ ತಮ್ಮನ ಮಗಳು. ದೊಡ್ಡಪ್ಪನ ಮನೆಯಲ್ಲೇ ಬೆಳೆದು, ಆಳಂದದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಕಾಲೇಜು ಸೇರುವ ವರ್ಷ ಯಾವುದೋ ಕೆಲಸಕ್ಕೆ ಇಬ್ಬರೂ ಗುಲಬರ್ಗಾಕ್ಕೆ ಹೊರಟಿದ್ದರು. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಶಿವರಾಯ ಒಂದು ಬಸ್ಸಿನ ಬೋರ್ಡನ್ನು ತಲೆಯೆತ್ತಿ ನೋಡಿ, ಕೆಮ್ಮಿ, "ಇದೇ, ಹತ್ತು" ಎಂದ.

"ದೊಡ್ಡಪ್ಪ, ಬೋರ್ಡಿನ ಮ್ಯಾಲ ಅಫಜಲಪುರ ಅಂತ ಅದ."

"ಬೋರ್ಡಿಗೇನು ಗೊತ್ತು? ದಾರಿ ಡ್ರೈವರಗ ಗೊತ್ತಿರ್ತದ. ಹತ್ತು."

ಹಿರಿಯರ ಮಾತಿಗೆ ಎದುರಾಡಬಾರದೆಂದು ಹುಡುಗಿ ಹತ್ತಿದಳು. ಬಸ್ಸು ಬೋರ್ಡಿನ ಮಾತನ್ನೇ ಕೇಳಿ ಅಫಜಲಪುರಕ್ಕೆ ಹೋಯಿತು. ಶಿವರಾಯ ಇಳಿದು ಸುತ್ತಲೂ ನೋಡಿ, "ಘತ್ತರಗಿ ಭಾಗ್ಯವಂತಿ ಕರಸ್ಕೊಂಡಾಳ. ತಾಯಿ ಕರದಾಗ ಬಸ್ಸು ತಾನೇ ತಿರಗ್ತದ. ಗುಡಿ ಇಲ್ಲೇ ಹತ್ತರ ಅದ. ನಡಿ, ದರ್ಶನ ಮಾಡ್ಕೊಂಡು ಹೋಗೋಣು" ಎಂದ. ದೇವಿಯ ದರ್ಶನ ಚೆನ್ನಾಗಿಯೇ ಆಯಿತು. ಶಿವಕಾಂತಾ ಅಂದಿನಿಂದ ಆ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಆದರೆ ಬಸ್ಸಿನ ಬೋರ್ಡು ಕಂಡಾಗಲೆಲ್ಲ ತಾನೇ ಮೊದಲು ಗಟ್ಟಿಯಾಗಿ ಓದತೊಡಗಿದಳು.

ಅವಳು ಬಿ.ಎ. ಕೊನೆಯ ವರ್ಷಕ್ಕೆ ಬಂದದ್ದು ಸಾವಿರದ ಒಂಬೈನೂರ ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಅವಳ ಮುಖ್ಯ ವಿಷಯ ಚರಿತ್ರೆ. ಆದರೆ ಕಾಲೇಜಿನವರು ಇಂಗ್ಲಿಷ್ ಎಂದರು, ಕನ್ನಡ ಎಂದರು, ಸಂವಿಧಾನ ಎಂದರು. ಇವೆಲ್ಲ ಪದವಿಗೆ ಓದುವ ಪ್ರತಿಯೊಬ್ಬರಿಗೂ ಕಡ್ಡಾಯವಂತೆ. ಊರ ಕಟ್ಟೆಯ ಮೇಲೆ ಇದು ದೊಡ್ಡ ಚರ್ಚೆಯಾಯಿತು. ಬಾಯಿ ಸುಮ್ಮನಿರದ ಧರ್ಮಣ್ಣ ಮೊದಲು ಎದ್ದ.

"ಅಲ್ಲೋ ಮುನ್ಶಿ, ಚರಿತ್ರೆ ಓದಾಕ ಹೋದಾಕಿಗೆ ಇಂಗ್ಲಿಷ್ ಯಾಕ, ಸಂವಿಧಾನ ಯಾಕ? ಎತ್ತು ಕೊಳ್ಳಾಕ ಹೋದವನ ಬೆನ್ನಿಗೆ ಕುರಿ, ಕೋಳಿ ಕಟ್ಟಿ ಕಳಿಸಿದಂಗ ಆತಲ್ಲ!"

ಶಿವರಾಯ ಪೆನ್ನು ಸರಿಮಾಡಿಕೊಂಡ. ಕೆಮ್ಮಿದ.

"ಲೇ ಧರ್ಮಣ್ಣ, ನೀ ಮದುವಿ ಊಟಕ್ಕ ಕುಂತಿ ಅಂತ ತಿಳಿ. ಬರೇ ಹೋಳಿಗಿ ನೀಡಿ, ಎದ್ದು ಹೋಗಂದ್ರ ಹೋಗ್ತಿಯೇನು? ರೊಟ್ಟಿ ಬೇಕು, ಪಲ್ಯ ಬೇಕು, ಚಟ್ನಿ ಬೇಕು. ಚರಿತ್ರೆ ಹೋಳಿಗಿ. ಉಳಿದದ್ದು ಎಲಿಗಿ ಬೀಳಲೇಬೇಕಾದದ್ದು. ಬರೇ ಹೋಳಿಗಿ ತಿಂದವ ಸಂಜೀಕ ತಂಬಿಗಿ ಹುಡುಕ್ತಾನ."

ಇದಕ್ಕಿಂತ ಚೆನ್ನಾಗಿ ಆ ನಿಯಮವನ್ನು ಅದನ್ನು ಮಾಡಿದವರೂ ವಿವರಿಸಿರಲಾರರು. ಕಟ್ಟೆ ತಲೆದೂಗಿತು. ಧರ್ಮಣ್ಣ ಮಾತ್ರ, "ಇನ್ನ ಉಪ್ಪೊಂದು ಉಳೀತು ನೋಡು" ಎಂದು ಗೊಣಗಿದ.

ಆ ಉಪ್ಪು ದೀಪಾವಳಿ ಕಳೆದ ಮೇಲೆ ಬಂತು. ಪದವಿ ಓದುವವರೆಲ್ಲ, ವಿಷಯ ಯಾವುದೇ ಇರಲಿ, ತಲಾ ಒಬ್ಬ ಅನಕ್ಷರಸ್ಥನಿಗೆ ಓದುಬರಹ ಕಲಿಸಬೇಕು. ಕಲಿತವರನ್ನು ತಪಾಸಣೆಯ ಸಾಹೇಬರು ಬಂದು ಪರೀಕ್ಷಿಸುತ್ತಾರೆ. ಇದೊಂದು ಆಗದಿದ್ದರೆ ಉಳಿದ ಎಲ್ಲದರಲ್ಲಿ ಪಾಸಾದರೂ ಪದವಿ ಇಲ್ಲ. ಆ ವರ್ಷ ಕಾಲೇಜಿನ ಪಾಲಿಗೆ ಬಂದ ಊರು ಸರಸಂಬಾ.

ಅಲ್ಲಿಂದ ಊರಿನ ಚಂದವೇ ಬೇರೆಯಾಯಿತು. ನಿನ್ನೆಯವರೆಗೆ 'ನಾವು ಹೆಬ್ಬೆಟ್ಟಿನವರು' ಎಂದು ತಲೆ ತಗ್ಗಿಸುತ್ತಿದ್ದವರಿಗೆ ಒಮ್ಮೆಲೇ ಬೇಡಿಕೆ ಬಂತು. ಆಳಂದದ ಬಸ್ಸು ಬಂದರೆ ಸಾಕು, ಕಾಲೇಜಿನ ಹುಡುಗರು ಇಳಿದು ಓಣಿ ಓಣಿ ತಿರುಗಿ, "ನಿಮಗ ಓದಾಕ ಬರ್ತದೇನ್ರಿ?" ಎಂದು ಕೇಳುವರು. ಬರುವುದಿಲ್ಲ ಎಂದರೆ ಅವರ ಮುಖ ಅರಳುವುದು, ಬರುತ್ತದೆ ಎಂದರೆ ಬಾಡುವುದು. ಸಂತೆಯಲ್ಲಿ ಹಲ್ಲು ಎಣಿಸಿ ಎತ್ತು ಹಿಡಿಯುವ ಹಾಗೆ ಊರಿನ ನಿರಕ್ಷರಿಗಳನ್ನೆಲ್ಲ ಹಿಡಿದುಬಿಟ್ಟರು. ಶಿವಕಾಂತಾಳಿಗೆ ಅವಸರವಿರಲಿಲ್ಲ. ಮನೆಯಲ್ಲಿ ದೊಡ್ಡಮ್ಮ ಸುಂದರಬಾಯಿ ಇದ್ದಾಳಲ್ಲ, ಒಂದಕ್ಷರ ಬಾರದ ಅಪ್ಪಟ ಹೆಣ್ಣುಮಗಳು, ಎಲ್ಲಿಗೆ ಹೋಗುತ್ತಾಳೆ ಎಂದು ನಿಶ್ಚಿಂತೆಯಿಂದಿದ್ದಳು.

ಒಂದು ಸಂಜೆ ಅವಳು ಪಾಟಿ ಹಿಡಿದು, "ದೊಡ್ಡಮ್ಮ, ನಾಳೆಯಿಂದ ನಿನಗ ಅಕ್ಷರ ಕಲಸ್ತೇನಿ" ಎಂದಳು.

ಸುಂದರಬಾಯಿ ಜೋಳ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು. "ನನಗ ಆಗಲೇ ಮಾಸ್ತರ ಬಂದಾನವಾ. ಆಳಂದದ ಕಿರಾಣಿ ಅಂಗಡಿಯವರ ಮಗ. ಎಷ್ಟು ಗುಣವಂತ ಅಂತಿ! ಬಾಳಿಹಣ್ಣು ಕೊಟ್ಟು, ಕಾಲು ಮುಟ್ಟಿ ಕೇಳಿದ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಮಾತು ಕೊಟ್ಟೇನಿ."

"ಯವ್ವಾ! ಮನಿ ಮಗಳಿಗೆ ಬಿಟ್ಟು ಬಾಳಿಹಣ್ಣಿಗೆ ಹೋದೇನ ಬೇ?"

"ನೀ ಕೇಳಿರಲಿಲ್ಲಲ್ಲ!"

ಶಿವಕಾಂತಾ ಊರೆಲ್ಲ ತಿರುಗಿದಳು. ಕುರಿ ಕಾಯುವವರೂ ಆಗಲೇ ಬೇರೆ ಹುಡುಗರ ಪಾಲಾಗಿದ್ದರು. ಹಾಸಿಗೆ ಹಿಡಿದಿದ್ದ ಮುದುಕಿ ಮಾಳಮ್ಮನ ಹಾಸಿಗೆಯ ಪಕ್ಕದಲ್ಲೂ ಒಬ್ಬ ವಿದ್ಯಾರ್ಥಿ ಪಾಟಿ ಹಿಡಿದು ಕೂತಿದ್ದ. ಹುಡುಗಿ ಮನೆಗೆ ಬಂದು, ಒಲೆಯ ಮುಂದೆ ಕೂತು, ಹೊಗೆಯ ನೆಪದಲ್ಲಿ ಅಳತೊಡಗಿದಳು. ಆ ಓಣಿಯಲ್ಲಿ ಪದವಿಯ ಹೊಸ್ತಿಲಿಗೆ ಬಂದ ಮೊದಲ ಹೆಣ್ಣುಮಗಳು ಅವಳು.

ಶಿವರಾಯ ಹೊರಗಿನ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಎದ್ದ. ಒಳಗೆ ಬಂದ. ಜೇಬಿನ ಪೆನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ಇದನ್ನ ಟ್ರಂಕಿನಾಗ ಇಡು."

"ಯಾಕ್ರಿ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದ. ಇವತ್ತಿಂದ ನಾ ನಿರಕ್ಷರಿ."

ಸುಂದರಬಾಯಿಯ ಕೈಯಿಂದ ಪೆನ್ನು ಮೊರದೊಳಗೆ ಬಿತ್ತು. ಶಿವಕಾಂತಾ ತಿರುಗಿ ದೊಡ್ಡಪ್ಪನ ಮುಖ ನೋಡಿದಳು.

"ದೊಡ್ಡಪ್ಪ, ಊರಾಗ ನಿಮ್ಮ ಹೆಸರು..."

"ಅಫಜಲಪುರದ ಬಸ್ಸು ಹತ್ತಿಸಿದವ ನಾನೇ ಅಲ್ಲೇನು? ನಿನಗ ಗೊತ್ತದ, ನನಗ ಗೊತ್ತದ. ತಾಯಿ ಭಾಗ್ಯವಂತಿಗೂ ಗೊತ್ತದ. ಊರಿಗಷ್ಟ ಗೊತ್ತಿಲ್ಲ, ಗೊತ್ತಾಗ್ಲಿ. ಬರಕೋ."

ಊರಿಗೆ ಮೆಲ್ಲಗೆ ಗೊತ್ತಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸರಕಾರದ ಕೆಲಸ ಮೆಲ್ಲಗೆ ಆದ ದಾಖಲೆ ಇಲ್ಲ. ಮರುವಾರ ಸಾಲೆಯ ಅಂಗಳದಲ್ಲಿ ಮೈಕು ಕಟ್ಟಿ, ಕಲಿಯುವವರ ಹೆಸರುಗಳನ್ನು ಕೂಗಿ, ಒಬ್ಬೊಬ್ಬರಿಗೂ ಹೂವಿನ ಹಾರ ಹಾಕಿದರು. "ಅನಕ್ಷರಸ್ಥ ಶಿವರಾಯ!" ಎಂದು ಮೈಕು ಕೂಗಿದ್ದು ಹೊಲದಲ್ಲಿ ತೊಗರಿ ಕೊಯ್ಯುವವರಿಗೂ ಕೇಳಿಸಿತು. ಶಿವರಾಯ ಎದ್ದುಹೋಗಿ, ಹಾರ ಹಾಕಿಸಿಕೊಂಡು, ಹಾರ ಹಾಕಿದವರಿಗೆ ಉಪಕಾರ ಹೇಳಿ ಬಂದು ಕೂತ.

ಮರುದಿನ ಬೆಳಗ್ಗೆ ಎಮ್ಮೆಯ ಹಾಲು ಹಿಂಡುವ ಮೊದಲೇ ಮಾಣಿಕಮ್ಮ ಬಂದಳು. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಗಂಡ ಹುಲೆಪ್ಪ.

"ಮುನ್ಶಣ್ಣಾ, ಇದೇನು ಕೇಳಾಕತ್ತೇನಿ? ನಿನಗ ಓದಾಕ ಬರಂಗಿಲ್ಲಂತ?"

"ಹಂಗ ಅಂದ್ರ... ಬರಂಗಿಲ್ಲವ್ವಾ."

"ಹಂಗಾದ್ರ ಜೇವರ್ಗಿಯಿಂದ ನಮ್ಮಪ್ಪ ಬರಸಿದ ಲಗ್ನದ ಪತ್ರ ಓದಿದವರು ಯಾರು? 'ಹುಡುಗಿ ಕೊಡ್ತೇವಿ, ಒಪ್ಪಿಗಿ ಅದ' ಅಂತ ನೀ ಓದಿದ ಮ್ಯಾಲೇ ಅಲ್ಲೇನು ಇವರ ಕಡೆಯವರು ಬಾಸಿಂಗ ಕಟ್ಟಿದ್ದು? ಆ ಪತ್ರದಾಗ ಬ್ಯಾರೇ ಏನಾರ ಇತ್ತೇನು? ನನ್ನ ಲಗ್ನ ಆಗೇದೋ ಇಲ್ಲೋ ಹೇಳು! ಮೊಮ್ಮಕ್ಕಳ ಕೈಹಿಡದು ಸಾಲಿಗಿ ಕಳಸಾಕತ್ತೇನಿ ನಾ!"

ಹುಲೆಪ್ಪ ದೂರದಿಂದಲೇ ಕತ್ತು ಚಾಚಿದ. ಅವನ ಮುಖದಲ್ಲಿ ಬಹಳ ವರ್ಷಗಳಿಂದ ಕಾಣದಿದ್ದ ಒಂದು ಬೆಳಕು ಕಾಣಿಸಿತು.

"ಮುನ್ಶಣ್ಣಾ, ಅವಸರ ಮಾಡಬ್ಯಾಡ, ವಿಚಾರ ಮಾಡಿ ಹೇಳು" ಎಂದ.

ಮಾಣಿಕಮ್ಮ ತಿರುಗಿ ನೋಡಿದಳು. ಬೆಳಕು ಆರಿತು.

ಶಿವರಾಯ ಬಾಯಿ ತೆರೆದ. 'ಬರಾಬರ್ ಓದೇನಿ ಬೇ, ಅಕ್ಷರ ಅಕ್ಷರ ಬರಾಬರ್' ಎಂಬುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಶಿವಕಾಂತಾ ಕೆಮ್ಮಿದಳು. ಆ ಮನೆಯಲ್ಲಿ ಕೆಮ್ಮಿನ ಅಧಿಕಾರ ಅಂದಿನಿಂದ ಕೈ ಬದಲಾಯಿಸಿತ್ತು.

"ಓದಿದ್ದು ಖರೆ. ಓದಾಕ ಬರಂಗಿಲ್ಲ ಅನ್ನೋದೂ ಖರೆ" ಎಂದುಬಿಟ್ಟ.

ಮಾಣಿಕಮ್ಮ ಎದೆಯ ಮೇಲೆ ಕೈ ಇಟ್ಟು ಅಲ್ಲೇ ಕೂತಳು. ಸುಂದರಬಾಯಿ ಚಹಾ ತಂದುಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ಧರ್ಮಣ್ಣ ಬಂದ. ಅವನದು ಬೇರೆಯೇ ಹರ್ಷ.

ಧರ್ಮಣ್ಣನ ಹೊಲಕ್ಕೂ ಹುಲೆಪ್ಪನ ಹೊಲಕ್ಕೂ ನಡುವೆ ಬದುವಿನ ಮೇಲೆ ಒಂದು ಬೇವಿನ ಮರ. ಅದು ಯಾರದೆಂಬ ಜಗಳ ಹಿಂದೊಮ್ಮೆ ಕುಡುಗೋಲಿನವರೆಗೆ ಹೋದಾಗ, ಶಿವರಾಯ ಹಳೆಯ ಕಾಗದ ಓದಿ, ಮರ ಹುಲೆಪ್ಪನದೆಂದು ಹೇಳಿ ಮುಗಿಸಿದ್ದ.

"ಮುನ್ಶಿ... ಅಲ್ಲಲ್ಲ, ಶಿವರಾಯ! ನೀ ನಿರಕ್ಷರಿ ಅಂತ ಸರಕಾರನೇ ಮೈಕಿನಾಗ ಹೇಳ್ಯದ. ಅಂದ್ರ ನೀ ಅವತ್ತ ಓದಿದ್ದು ಸುಳ್ಳು. ಅಂದ್ರ ಮರ ನಂದು. ಎಮ್ಮಿ ಕಟ್ಟಿ ಬಂದೇನಿ."

ಹುಲೆಪ್ಪ ಹೌಹಾರಿದ. "ಏ, ಮರ ನಂದು! ಮುನ್ಶಣ್ಣ ಓದಿದವ!"

"ಓದಿದವ ಅಂದ್ರ ಲಗ್ನಾನೂ ಖರೆ ಆತಲ್ಲ" ಎಂದಳು ಮಾಣಿಕಮ್ಮ, ಚಹಾ ಬದಿಗಿಟ್ಟು.

ಹುಲೆಪ್ಪ ತಲೆ ಕೆರೆದುಕೊಂಡ. ಹತ್ತಿರ ಬಂದು ಶಿವರಾಯನ ಕಿವಿಯಲ್ಲಿ ಕೇಳಿದ: "ಮುನ್ಶಣ್ಣಾ, ಮರದ ಮಟ್ಟಿಗಿ ಓದಿದವ ಆಗಿ, ಲಗ್ನದ ಮಟ್ಟಿಗಿ ನಿರಕ್ಷರಿ ಆಗಾಕ ಬರಂಗಿಲ್ಲೇನು?"

ಆ ಚಳಿಗಾಲವೆಲ್ಲ ಹೀಗೆಯೇ ನಡೆಯಿತು. ಹಳೆಯ ಪಾಲು, ಹಳೆಯ ಬದು, ಹಳೆಯ ಒಪ್ಪಂದಗಳು ಒಂದೊಂದಾಗಿ ಎದ್ದು ಅಂಗಳಕ್ಕೆ ಬಂದವು. ಶಿವರಾಯ ಎಲ್ಲರ ಬೈಗಳನ್ನೂ ಕೇಳಿದ. ಯಾರಿಗೂ ತಾನು ಸರಿಯಾಗಿ ಓದಿದ್ದೆನೆಂದು ಹೇಳಲಿಲ್ಲ. ಹೇಳಿದರೆ ಹುಡುಗಿಯ ಪದವಿಗೆ ಕುತ್ತು. ಹೇಳದಿದ್ದರೆ ತನ್ನ ಹೆಸರಿಗೆ ಕುತ್ತು. ಹೆಸರು ಟ್ರಂಕಿನಲ್ಲಿ ಪೆನ್ನಿನ ಪಕ್ಕದಲ್ಲೇ ಮಲಗಿರಲಿ ಎಂದುಕೊಂಡ.

ಕರೀಮಸಾಬ ಮಾತ್ರ ಹೊಲಿಗೆಯ ಮಿಷಿನ್ ತುಳಿಯುತ್ತ ನಗುತ್ತಿದ್ದ. "ಶಿವರಾಯ, ನಾನೂ ಹಾಜರಿ ಹಚ್ಚಿದ್ರ ಚಲೋ ಇತ್ತಲ್ಲೋ. ಮತ್ತೊಮ್ಮಿ ಇಬ್ಬರೂ ಒಂದೇ ಚಾಪಿ ಮ್ಯಾಲ ಕೂಡ್ತಿದ್ವಿ."

"ಸುಮ್ಕಿರೋ. ನಿನಗ ನಗಿ, ನನಗ ಕೈ ಮಾತು ಕೇಳವಲ್ದು."

ಕೈ ಮಾತು ಕೇಳದಿದ್ದುದು ನಿಜ. ಮುಂಜಾನೆ ದನದ ಕೊಟ್ಟಿಗೆಯ ಮುಂದೆ ಪಾಠ. ಅಕ್ಷರಗಳು ಶಿವರಾಯನಿಗೆ ಬೇಗನೆ ಹತ್ತಿದವು. ಆದರೆ ಅವನ ಕೈಗೆ ಮಹಮ್ಮದ ಮಾಸ್ತರರು ಛಡಿಯಿಂದ ಕಲಿಸಿದ ದಾರಿ ಒಂದೇ, ಬಲಗಡೆಯಿಂದ ಎಡಗಡೆಗೆ. ಶಿವಕಾಂತಾ ನೋಡುತ್ತಿದ್ದರೆ ಎಡದಿಂದ ಶುರುಮಾಡುವನು. ಅವಳು ಎಮ್ಮೆಗೆ ಮೇವು ಹಾಕಲು ಎದ್ದು ಹೋದರೆ ಕೈ ತಾನೇ ಬಲಕ್ಕೆ ಜಾರುವುದು.

"ದೊಡ್ಡಪ್ಪ! ಮತ್ತ ಆ ಕಡೆಯಿಂದ!"

"ಎತ್ತು ಬಿಟ್ಟ ಕೂಡಲೇ ಹಳೇ ಗ್ವಾದಲಿಗೇ ಹೋಗ್ತದವಾ. ಅದರ ತಪ್ಪಲ್ಲ."

ಅಷ್ಟರಲ್ಲಿ ಸುಂದರಬಾಯಿಯ ಕಿರಾಣಿ ಮಾಸ್ತರ ಅವಳಿಗೆ ಹೆಸರು ಬರೆಯಲು ಕಲಿಸಿಬಿಟ್ಟಿದ್ದ. ಅವಳು ರೊಟ್ಟಿಯ ಹಿಟ್ಟಿನ ಮೇಲೆ, ಕುಳ್ಳಿನ ಮೇಲೆ, ಎಲ್ಲಿ ಬೇಕಾದಲ್ಲಿ 'ಸುಂದರಬಾಯಿ' ಎಂದು ಬರೆದು, "ನೀವು ಎಲ್ಲಿಗಿ ಬಂದ್ರಿ?" ಎಂದು ಗಂಡನನ್ನು ಕೇಳುವಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನಿಗಿಂತ ಮುಂದಿದ್ದದ್ದು ಇದೇ ಮೊದಲು. ಅದರ ಸುಖವನ್ನು ಅವಳೇನೂ ಮುಚ್ಚಿಡಲಿಲ್ಲ.

ಯುಗಾದಿಯ ಹೊತ್ತಿಗೆ ತಪಾಸಣೆ ಬಂತು. ದೌಲತರಾಯ ಸಾಹೇಬರು ಜೀಪಿನಿಂದ ಇಳಿದರು. ನರೆತ ಮೀಸೆ, ಕೈಯಲ್ಲಿ ಕರವಸ್ತ್ರ. ಸಾಲೆಯ ಅಂಗಳದಲ್ಲಿ ಊರೇ ಕೂಡಿತ್ತು. ಕುರಿ ಕಾಯುವವರು ಪಾಸಾದರು. ಸುಂದರಬಾಯಿ ಹಲಗೆಯ ತುಂಬ ತನ್ನ ಹೆಸರು ಬರೆದು, ಸಾಕು ಎಂದರೂ ಬಿಡದೆ ಇನ್ನೊಮ್ಮೆ ಬರೆದು ಪಾಸಾದಳು. ಆಮೇಲೆ ಶಿವರಾಯನ ಹೆಸರು ಬಂತು.

ಅವನು ಎದ್ದು ನಿಂತನೋ ಇಲ್ಲವೋ, ಮಾಣಿಕಮ್ಮ ಸೆರಗು ಕಟ್ಟಿಕೊಂಡು ಮುಂದೆ ಬಂದಳು.

"ಸಾಹೇಬ್ರ, ಇವರನ್ನ ನಿರಕ್ಷರಿ ಅಂತ ಬರದು ಊರಿನ ಇಜ್ಜತ್ ಕಳೀಬ್ಯಾಡ್ರಿ. ನಮ್ಮ ಮುನ್ಶಣ್ಣ ಓದಿದವರ್ರಿ! ನನ್ನ ಲಗ್ನದ ಪತ್ರ ಸರಸರ ಓದ್ಯಾರ!"

"ಹೌದ್ರಿ, ಮರದ ಕಾಗದಾನೂ ಓದ್ಯಾನ್ರಿ" ಎಂದ ಹುಲೆಪ್ಪ, ಹೆಂಡತಿಯ ಬೆನ್ನ ಹಿಂದಿನಿಂದ.

ಧರ್ಮಣ್ಣ ಹಾರಿ ಎದ್ದ. "ಸುಳ್ಳು! ಇವಗ ಹುಟ್ಟಿದಾಗಿನಿಂದ ಒಂದಕ್ಷರ ಬರಂಗಿಲ್ಲರಿ. ನನ್ನಷ್ಟು ಅವನ ಕಂಡವರಿಲ್ಲ. ಅಪ್ಪಟ ದಡ್ಡ! ಬರದು ಮೊಹರ ಹೊಡದು ಕೊಡ್ರಿ!"

ಹೀಗೆ ಆ ದಿನ ಸರಸಂಬಾದಲ್ಲಿ ಶಿವರಾಯನ ಗೆಳೆಯರೆಲ್ಲ ಅವನನ್ನು ಹೊಗಳಿ ಮುಳುಗಿಸುತ್ತಿದ್ದರು, ಅವನ ವೈರಿ ಒಬ್ಬನೇ ಬೈದು ಕಾಪಾಡುತ್ತಿದ್ದ. ಶಿವಕಾಂತಾ ಕಂಬಕ್ಕೆ ಆತು ನಿಂತು ಸೆರಗಿನ ತುದಿ ಕಚ್ಚಿದ್ದಳು.

ದೌಲತರಾಯ ಸಾಹೇಬರ ಹುಬ್ಬು ಗಂಟಾಯಿತು. ಇದಕ್ಕೆ ಮುಂಚೆ ಬೇರೆ ಊರಲ್ಲಿ ಓದುಬಲ್ಲವರನ್ನು ನಿರಕ್ಷರಿಗಳೆಂದು ನಿಲ್ಲಿಸಿದ್ದನ್ನು ಅವರು ಹಿಡಿದಿದ್ದರು.

"ಅಜ್ಜಾರ, ನೀವೇ ಹೇಳ್ರಿ. ಸಾಲಿಗಿ ಹೋಗಿದ್ರೋ ಇಲ್ಲೋ?"

ಇಲ್ಲ ಎಂದು ಒಂದು ಮಾತು ಅಂದರೆ ಕೆಲಸ ಮುಗಿಯುತ್ತಿತ್ತು. ಧರ್ಮಣ್ಣ ಕಣ್ಣಿನಲ್ಲೇ 'ಇಲ್ಲ ಅನ್ನು' ಎಂದು ಸನ್ನೆ ಮಾಡಿದ. ಶಿವರಾಯ ಶಿವಕಾಂತಾಳನ್ನು ನೋಡಿದ. ಕರೀಮಸಾಬನನ್ನು ನೋಡಿದ. ಕೆಮ್ಮಲು ಹೋದ, ಕೆಮ್ಮು ಬರಲಿಲ್ಲ.

"ಹೋಗಿದ್ದೆ ರೀ" ಎಂದ. "ಮಹಮ್ಮದ ಮಾಸ್ತರ ಕಡೆ, ಉರ್ದು ಸಾಲಿಗಿ. ನಮ್ಮಪ್ಪನ ಕಡೆ ಪಾಟಿಗಿ ಗತಿ ಇರಲಿಲ್ಲ. ಅವರೇ ತಮ್ಮದು ಕೊಟ್ಟು ಕಲಸ್ಯಾರ. ಉಂಡ ಮನಿ ಜಂತಿ ಎಣಸಬಾರದ್ರಿ. ಅವರನ್ನ ಇಲ್ಲ ಅನ್ನಾಕ ನನ್ನಿಂದ ಆಗಂಗಿಲ್ಲ."

ಧರ್ಮಣ್ಣ ಹಣೆ ಚಚ್ಚಿಕೊಂಡ. ಸಾಹೇಬರು ನಿಟ್ಟುಸಿರು ಬಿಟ್ಟು ಶಿವಕಾಂತಾಳ ಕಡೆ ತಿರುಗಿದರು.

"ಓದಿದವರನ್ನ ನಿಲ್ಲಿಸಿದ್ರ ನಡೆಯಂಗಿಲ್ಲವಾ. ಇದು ರದ್ದು ಮಾಡಬೇಕಾಗ್ತದ."

ಶಿವಕಾಂತಾ ದೊಡ್ಡಪ್ಪನ ಪಕ್ಕಕ್ಕೆ ಬಂದು ನಿಂತಳು. ಆಗ ಹಿಂದಿನಿಂದ ಕರೀಮಸಾಬ, ಕುತ್ತಿಗೆಗೆ ಅಳತೆಯ ಪಟ್ಟಿ ಹಾಕಿಕೊಂಡೇ, ಜನರನ್ನು ಸರಿಸುತ್ತ ಬಂದ.

"ಸಾಹೇಬ್ರ, ಇಷ್ಟು ದೂರ ಬಂದೀರಿ. ರದ್ದು ಮಾಡೋಕಿನ್ನ ಮದಲ ಇವನ ಕಡೆಯಿಂದ ಹೆಸರೊಂದು ಬರಸ್ರಿ. ಕನ್ನಡದಾಗ."

ಸಾಹೇಬರು ಹಲಗೆಯ ಮೇಲೆ ಬರೆಯುವ ಖಡು ಮುಂದೆ ಹಿಡಿದರು. ಶಿವರಾಯ ಹಲಗೆಯ ಮುಂದೆ ನಿಂತ. ಹಿಂದೆ ಊರೆಲ್ಲ ಕೂತಿದೆ, ಪಕ್ಕದಲ್ಲಿ ಹುಡುಗಿ ಅಳುವ ಹಾಗೆ ನಿಂತಿದ್ದಾಳೆ. ಎಡ ಯಾವುದು, ಬಲ ಯಾವುದು ಒಂದೂ ತಿಳಿಯಲಿಲ್ಲ. ಕೈ ತನ್ನ ಹಳೆಯ ಗ್ವಾದಲಿಯ ದಾರಿ ಹಿಡಿಯಿತು. ಅವನು ಬರೆದು ಸರಿದು ನಿಂತಾಗ ಹಲಗೆಯ ಮೇಲೆ, ಒಂದೊಂದು ಅಕ್ಷರವೂ ಮುತ್ತಿನಂತೆ ದುಂಡಗೆ, ಹೀಗಿತ್ತು:

ಯರಾವಶಿ

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದ್ಯಾರು? ಯರಾವಶಿ?"

ಶಿವಕಾಂತಾ ಕಣ್ಣು ಮುಚ್ಚಿಕೊಂಡಳು. ಕರೀಮಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಮುಂದೆ ಹೋಗಿ, ಹಲಗೆಯ ಬಲತುದಿಗೆ ಬೆರಳಿಟ್ಟ.

"ಈ ಕಡೆಯಿಂದ ಬರ್ರಿ ಸಾಹೇಬ್ರ. ನಮ್ಮ ಸಾಲಿ ಬಾಗಲಾ ಈ ಕಡಿಗಿ ಇತ್ತು."

ಸಾಹೇಬರ ಬಾಯಿ ಒಂದೊಂದೇ ಅಕ್ಷರ ಬಲದಿಂದ ಎಡಕ್ಕೆ ನಡೆಯಿತು. "ಶಿ... ವ... ರಾ... ಯ." ಅವರ ಮೀಸೆ ಅಲುಗಿತು. ಆಮೇಲೆ ಹೆಗಲು ಅಲುಗಿತು. ಆಮೇಲೆ ಅವರು ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

"ಕನ್ನಡ ಬಲ್ಲವ ಸತ್ತರೂ ಹಿಂಗ ಬರಿಯಂಗಿಲ್ಲ! ನಮ್ಮಪ್ಪನೂ ಹಿಂಗೇ ರೀ. ಉರ್ದು ಸಾಲಿಯವರು. ನಾ ಊರು ಬಿಟ್ಟು ಓದಾಕ ಹೋದಾಗ ಒಂದು ಸಲ ಕನ್ನಡದಾಗ ಪತ್ರ ಬರದಿದ್ದರು. ನಾ ಓದಾಕ ಬರವಲ್ದು ಅಂತ ಮೂಲಿಗಿ ಒಗದೆ. ಯಾವ ಕಡೆಯಿಂದ ಓದಬೇಕಿತ್ತು ಅಂತ ಇವತ್ತ ತಿಳೀತು." ಒಂದು ಗಳಿಗೆ ಅವರು ಹಲಗೆಯನ್ನೇ ನೋಡಿದರು. "ಅಜ್ಜಾರ, ಆ ಗ್ವಾಡಿ ಮ್ಯಾಲಿಂದು ಓದ್ರಿ, ನೋಡೋಣ."

ಸಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು. ಈಗ ಶಿವರಾಯನಿಗೆ ಕೆಮ್ಮು ಬಂತು. ಒಂದೊಂದು ಮಾತಿಗೂ ಒಂದೊಂದು ಕೆಮ್ಮು ಕೊಟ್ಟು ಓದಿದ: "ಕೈ... ತೊಳೆದು... ಊಟ... ಮಾಡಿ." ಎಡದಿಂದಲೇ.

ಸಾಹೇಬರು ಎದ್ದು ನಿಂತು ತೀರ್ಪು ಹೇಳಿದರು. ಶಿವರಾಯ ಉರ್ದುವಿನಲ್ಲಿ ಓದಿದವನು, ಕನ್ನಡದಲ್ಲಿ ಹೊಸಬ. ಹುಡುಗಿ ಕಲಿಸಿದ್ದು ಕನ್ನಡ, ಅವನು ಕಲಿತದ್ದೂ ಕನ್ನಡ. ಆದ್ದರಿಂದ ಇಬ್ಬರೂ ಪಾಸು.

"ಅಂದ್ರ ಉರ್ದು ಓದಿದ್ದೆಲ್ಲ ಬರಾಬರ್ ಏನ್ರಿ?" ಹುಲೆಪ್ಪ ಕೇಳಿದ. "ಮರ ನಂದೇ?"

"ಮರ ನಿಂದೇ."

"ಲಗ್ನಾನೂ?"

"ಲಗ್ನಾನೂ."

ಹುಲೆಪ್ಪ ನೆಲ ನೋಡಿದ. "ಇರ್ಲಿ ಬಿಡ್ರಿ" ಎಂದ. "ನೆರಳ ಒಂದ ಬಂತಲ್ಲ." ಮಾಣಿಕಮ್ಮ ಅವನ ತೋಳಿಗೆ ಗುದ್ದಿದಳು, ಆದರೆ ಅವಳ ಮುಖ ಅರಳಿತ್ತು. ಧರ್ಮಣ್ಣ ಯಾರಿಗೂ ಹೇಳದೆ ಎಮ್ಮೆ ಬಿಚ್ಚಿಕೊಂಡು ಬರಲು ಹೋದ.

ಅಂಗಳ ಖಾಲಿಯಾದ ಮೇಲೆ ಶಿವರಾಯ ಹಳೆಯ ಗೆಳೆಯನ ಕೈ ಹಿಡಿದುಕೊಂಡ. "ಕರೀಮ, ನಿನ್ನ ಉಪಕಾರ..."

"ನನಗ್ಯಾಕ ಉಪಕಾರ? ಮಹಮ್ಮದ ಮಾಸ್ತರ ಛಡಿಗೆ ಹೇಳು. ಆವಾಗ ಹೊಡದದ್ದು ಇವತ್ತ ಕೆಲಸಕ್ಕ ಬಂತು."

ಬೇಸಗೆಯಲ್ಲಿ ಶಿವಕಾಂತಾಳ ಫಲಿತಾಂಶ ಬಂತು. ಚರಿತ್ರೆ ಎಂಬ ಹೋಳಿಗೆಯಲ್ಲೂ ಪಾಸು, ರೊಟ್ಟಿ ಪಲ್ಯದಲ್ಲೂ ಪಾಸು, ಉಪ್ಪಿನಲ್ಲಿಯೂ ಪಾಸು. ಸುಂದರಬಾಯಿ ಘತ್ತರಗಿಗೆ ಹರಕೆ ಹೊತ್ತಿದ್ದಳು. ಮೂವರೂ ಹೊರಟರು. ಶಿವಕಾಂತಾ ಟ್ರಂಕಿನಿಂದ ಪೆನ್ನು ತೆಗೆದು, ಮೊದಲ ಸಲ ಅದಕ್ಕೆ ಶಾಯಿ ತುಂಬಿ, ದೊಡ್ಡಪ್ಪನ ಜೇಬಿಗೆ ಸಿಕ್ಕಿಸಿದಳು. ಆಳಂದದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಅದು ಸೋರಿ ಅಂಗಿಯ ಎದೆಯೆಲ್ಲ ನೀಲಿಯಾಯಿತು. ಶಿವರಾಯ ಅದನ್ನು ಒರೆಸಿಕೊಳ್ಳಲಿಲ್ಲ. ಕಂಡವರಿಗೆಲ್ಲ, "ಶಾಯಿ" ಎಂದು ಹೇಳುತ್ತ ಹೋದ.

ಬಸ್ಸಿನ ಮುಂದೆ ನಿಂತು ತಲೆಯೆತ್ತಿದ. ಈ ಸಲ ಶಿವಕಾಂತಾ ಬಾಯಿ ತೆರೆಯಲಿಲ್ಲ.

"ಅ... ಫ... ಜ... ಲ... ಪು... ರ." ಓದಿ ಮುಗಿಸಿ, ಕಂಡಕ್ಟರನ ಹತ್ತಿರ ಹೋಗಿ, "ಇದು ಅಫಜಲಪುರಕ್ಕ ಹೋಗ್ತದೇನ್ರಿ?" ಎಂದು ಕೇಳಿದ.

"ಈಗ ಓದಿದ್ರಲ್ಲ ದೊಡ್ಡಪ್ಪ!"

"ನಾ ಓದಿದ್ದು ಖರೆ. ಅವಗೂ ಗೊತ್ತದೋ ಇಲ್ಲೋ ನೋಡಬೇಕಲ್ಲ!"

ಘತ್ತರಗಿಯಲ್ಲಿ ದರ್ಶನ ಮುಗಿಸಿ, ಭೀಮಾ ನದಿಯ ಕಡೆ ಇಳಿಯುವ ದಾರಿಯಲ್ಲಿ ಒಂದು ಬೇವಿನ ಮರ. ಅದರ ಸುತ್ತ ದುಂಡನೆಯ ಕಟ್ಟೆ. ಬಂದವರು ಅದಕ್ಕೂ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಸುಂದರಬಾಯಿ, ಶಿವಕಾಂತಾ ನೀರಿಗೆ ಹೋಗಿ ಬರುವಷ್ಟರಲ್ಲಿ ಶಿವರಾಯ ಕಟ್ಟೆಯ ಬುಡದಲ್ಲಿ ಕೂತು ಏನೋ ಗೀಚುತ್ತಿದ್ದ. ತಪಾಸಣೆಯ ದಿನ ಸಾಹೇಬರು ಕೊಟ್ಟ ಖಡುವಿನ ತುಂಡನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಕಟ್ಟೆಯ ಮೈಮೇಲೆ ಮೊಳ ಮೊಳದ ಅಕ್ಷರಗಳು, ಸುತ್ತಲೂ ಹಬ್ಬಿದ್ದವು.

ಶಿವಕಾಂತಾ ಬಗ್ಗಿ ನೋಡಿದಳು. ಎದುರಿಗೆ ಕಂಡದ್ದು 'ತಾಕಾಂವ'.

"ದೊಡ್ಡಪ್ಪ! ಇಷ್ಟು ಕಲಿಸಿದರೂ ಮತ್ತ ಆ ಕಡೆಯಿಂದ ಬರದೀರಿ!"

"ನಿಂತಲ್ಲೇ ನಿಂತು ಓದಿದ್ರ ಹಂಗೇ ಕಾಣ್ತದ" ಎಂದ ಶಿವರಾಯ, ಕೈಯ ಪುಡಿ ಜಾಡಿಸುತ್ತ. "ದೇವರಿಗಿ ಸುತ್ತು ಹಾಕಿದಂಗ ಹಾಕು, ಬಲಕ್ಕ ಕಟ್ಟಿ ಇಟ್ಕೊಂಡು."

ಅವಳು ನಕ್ಕು, ಕಟ್ಟೆಯನ್ನು ಬಲಗೈಯ ಕಡೆ ಇಟ್ಟುಕೊಂಡು, ಪ್ರದಕ್ಷಿಣೆಯ ಹೆಜ್ಜೆ ಹಾಕತೊಡಗಿದಳು. ಹೆಜ್ಜೆ ಹೆಜ್ಜೆಗೂ ಒಂದೊಂದು ಅಕ್ಷರ ಎದುರು ಬಂತು. ಶಿ. ಮುಂದೆ ಹೋದರೆ ವ. ಆಮೇಲೆ ಕಾಂ. ಆಮೇಲೆ ತಾ. ಅವಳ ಹಿಂದೆ ಸುಂದರಬಾಯಿಯೂ ಬೆರಳಿಟ್ಟು ಓದುತ್ತ ನಡೆದಳು. ಅವಳ ಹಿಂದೆ ಯಾರೋ ಗುರುತಿಲ್ಲದ ಯಾತ್ರಿಕರೂ, ಇದೂ ಒಂದು ಸೇವೆ ಇರಬೇಕೆಂದು, ಕೈಮುಗಿದುಕೊಂಡು ಹೊರಟರು.

ಸುತ್ತು ಪೂರಾ ಮುಗಿಯುವ ಜಾಗದಲ್ಲಿ, ಎಲ್ಲಕ್ಕಿಂತ ಕೊನೆಗೆ, ಬಿ.ಎ. ಇತ್ತು.